ನಳಿಗೆ ಕೇಳುವ ಗುಂಡು

ದೋಹಾದಿಂದ ಪಶ್ಚಿಮಕ್ಕೆ, ದುಖಾನ್ ಕಡೆಗೆ ಹದಿನೈದು ಕಿಲೋಮೀಟರಿನಷ್ಟು ಹೋದರೆ ಅಲ್ ವಜ್ಬಾ ಸಿಗುತ್ತದೆ. 1893ರ ಮಾರ್ಚ್‌ನಲ್ಲಿ ಶೇಖ್ ಜಾಸಿಮ್ ಬಿನ್ ಮೊಹಮ್ಮದ್ ಅಲ್ ಥಾನಿ ಅವರ ಕಡೆಯವರು ಆಟೋಮನ್ ಸೈನ್ಯವನ್ನು ಹಿಮ್ಮೆಟ್ಟಿಸಿದ್ದು ಇಲ್ಲಿ. ಕತಾರಿನ ಶಾಲೆಯ ಮಕ್ಕಳಿಗೆಲ್ಲ ಗೊತ್ತಿರುವ ಕಾಳಗ ಅದು. ಅದೇ ದಾರಿಯಲ್ಲಿ ಇನ್ನೂ ಮುಂದೆ ಶೇಖ್ ಫೈಸಲ್ ಬಿನ್ ಖಾಸಿಮ್ ಅಲ್ ಥಾನಿ ಮ್ಯೂಸಿಯಂ ಇದೆ. ಕಾರು, ಕಾರ್ಪೆಟ್ಟು, ನಾಣ್ಯ, ಹಸ್ತಪ್ರತಿ, ಆಯುಧ, ಹೀಗೆ ಒಬ್ಬ ಮನುಷ್ಯ ಏನೇನನ್ನು ಕೂಡಿಡಬಹುದೋ ಅಷ್ಟೂ ಅಲ್ಲಿದೆ. ದೋಹಾದಲ್ಲಿ ಕೆಲಸಕ್ಕಿರುವ, ಕೊಡಗಿನ ವಿರಾಜಪೇಟೆ ಕಡೆಯ ಗೆಳೆಯರೊಬ್ಬರು ಒಂದು ಶುಕ್ರವಾರ ಅದನ್ನು ನೋಡಿಕೊಂಡು ಬಂದು ಫೋನ್ ಮಾಡಿದ್ದರು. "ಊರಿನ ಮನೇಲಿ ಅಜ್ಜನ ಕಾಲದ್ದು, ಬಾಯಿಂದ ಮದ್ದು ಜಡಿಯೋ ಕೋವಿ ಒಂದಿದೆ. ಅದಕ್ಕೆ ದುಂಡು ಗುಂಡು ಬೇಡ, ಮೊನೆ ಇರೋ ಗುಂಡು ಬೇಕು. ಎಲ್ಲಾದ್ರೂ ಸಿಗುತ್ತಾ? ಸಿಗದಿದ್ರೆ ಎರಕ ಹೊಯ್ಯೋಕಾಗುತ್ತಾ?"

ಮೊದಲು ನಳಿಗೆಯೊಳಗೆ ಟಾರ್ಚ್ ಬಿಟ್ಟು ನೋಡಿ ಎಂಬುದೇ ಈ ಪ್ರಶ್ನೆಗೆ ಉತ್ತರ. ಗುಂಡಿನ ಆಕಾರವನ್ನು ತೀರ್ಮಾನಿಸುವುದು ಅಂಗಡಿಯೂ ಅಲ್ಲ, ನಮ್ಮ ಆಸೆಯೂ ಅಲ್ಲ, ಆ ನಳಿಗೆ. ಇಷ್ಟು ಹೇಳಿ ಫೋನ್ ಇಟ್ಟುಬಿಡಬಹುದಿತ್ತು. ಆದರೆ ಮೊನೆಗುಂಡಿನ ಹಿಂದೆ ಒಂದು ಭೌತಶಾಸ್ತ್ರದ ಕಥೆ ಇದೆ. ಅದರ ಒಂದು ಎಳೆ ದಕ್ಷಿಣ ಭಾರತದಿಂದಲೇ ಹೊರಟದ್ದು. ಇನ್ನೊಂದು ಎಳೆ ಸುತ್ತಿ ಬಂದು, ಗೆಳೆಯರ ಮನೆಯ ಗೋಡೆಗೆ ಆ ಕೋವಿ ಇಂದಿಗೂ ಒರಗಿಕೊಂಡಿರುವುದಕ್ಕೆ ಕಾರಣವಾಗಿದೆ.

ದುಂಡುಗುಂಡಿನಲ್ಲಿ ಏನು ದೋಷ? ಮೇಲುನೋಟಕ್ಕೆ ಏನೂ ಇಲ್ಲ. ಅಚ್ಚು ಸುಲಭ, ಹೇಗೆ ತುರುಕಿದರೂ ಒಂದೇ, ತಲೆ ಬುಡ ಎಂಬುದಿಲ್ಲ. ಗಾಳಿಯ ತಡೆ ಲೆಕ್ಕಕ್ಕೇ ಬಾರದಷ್ಟು ಕಡಿಮೆ ಎಂದು ಬಹುಕಾಲ ಫಿರಂಗಿ ಪಂಡಿತರು ನಂಬಿದ್ದರು. ಆ ನಂಬಿಕೆ ಮುರಿದವರು ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸ್. ಭಾರವಾದ ಮರದ ಲೋಲಕಕ್ಕೆ ಗುಂಡು ಹೊಡೆದು, ಅದು ಎಷ್ಟು ಹಿಂದಕ್ಕೆ ತೂಗಿತು ಎಂಬುದರಿಂದ ಗುಂಡಿನ ವೇಗವನ್ನು ಲೆಕ್ಕಹಾಕುವ ಉಪಾಯ ಅವರದು. 1742ರಲ್ಲಿ ಅವರ ಪುಸ್ತಕ ಹೊರಬಂತು. ಸೆಕೆಂಡಿಗೆ 500 ಮೀಟರಿಗೂ ಮೀರಿದ ವೇಗದಲ್ಲಿ ಹೊರಟ ಮಸ್ಕೆಟ್ ಗುಂಡಿನ ಮೇಲೆ ಗಾಳಿ ಹಾಕುವ ತಡೆ ಆ ಗುಂಡಿನ ತೂಕದ ನೂರಿಪ್ಪತ್ತು ಪಟ್ಟು ಎಂದು ಅವರು ತೋರಿಸಿದರು. ಇಂದಿನ ಸೂತ್ರದಲ್ಲಿ ಹಾಕಿ ನೋಡಿದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಸುರುಳಿ ಗೀರಿನ ನಳಿಗೆಯ ಗುಟ್ಟನ್ನು ಯಾವ ದೇಶ ಪೂರ್ತಿ ಕೈವಶ ಮಾಡಿಕೊಳ್ಳುತ್ತದೋ ಅದರ ಸೈನ್ಯ ಮೇಲುಗೈ ಸಾಧಿಸುತ್ತದೆ ಎಂದು ರಾಬಿನ್ಸ್ ಆಗಲೇ ಹೇಳಿದ್ದರು. ಮೊಟ್ಟೆಯಾಕಾರದ ಗುಂಡನ್ನೂ ಸೂಚಿಸಿದ್ದರು. ಆಮೇಲೆ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರಾಗಿ ಬಂದು, 1751ರಲ್ಲಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ಜ್ವರದಿಂದ ತೀರಿಕೊಂಡರು.

ಗೋಳದ ಕಷ್ಟವನ್ನು ಅಂಕಿಗಳಲ್ಲೇ ನೋಡಬಹುದು. ಹದಿನಾಲ್ಕೂವರೆ ಮಿಲಿಮೀಟರ್ ವ್ಯಾಸದ ಸೀಸದ ಗೋಳ ಸುಮಾರು 18 ಗ್ರಾಂ ತೂಗುತ್ತದೆ. ಹೆಚ್ಚುಕಡಿಮೆ ಅದೇ ವ್ಯಾಸದ, ಬ್ರಿಟಿಷ್ ಸೈನ್ಯದ 1853ರ ಎನ್‌ಫೀಲ್ಡ್ ರೈಫಲ್ಲಿನ ಮೊನೆಗುಂಡು 34 ಗ್ರಾಂ. ಗಾಳಿಯನ್ನು ಸೀಳುವ ಮುಖದ ಅಳತೆ ಎರಡಕ್ಕೂ ಒಂದೇ, ಹಿಂದಿನಿಂದ ತಳ್ಳುವ ತೂಕ ಮಾತ್ರ ದುಪ್ಪಟ್ಟು. ಸಾಲದ್ದಕ್ಕೆ ಚೂಪು ಮೂತಿ. ಹಾಗಾಗಿ ಮೊನೆಗುಂಡು ಹೊರಡುವಾಗ ನಿಧಾನವಾಗಿದ್ದರೂ ದೂರ ಹೋದಂತೆ ತನ್ನ ವೇಗವನ್ನು ಉಳಿಸಿಕೊಳ್ಳುತ್ತದೆ. ದುಂಡುಗುಂಡು ಆರಂಭದಲ್ಲಿ ಎಷ್ಟೇ ಚುರುಕಾಗಿ ಹೊರಟರೂ ನೂರು ಮೀಟರ್ ದಾಟುವುದರೊಳಗೆ ಸೋತಿರುತ್ತದೆ.

ಆದರೆ ಉದ್ದನೆಯ ವಸ್ತುವಿಗೆ ಬೇರೆ ಪೀಡೆ. ಅದು ತಿರುಗದಿದ್ದರೆ ಗಾಳಿಯಲ್ಲಿ ಪಲ್ಟಿ ಹೊಡೆಯುತ್ತದೆ. ತಿರುಗಿಸಲೆಂದು ನಳಿಗೆಯೊಳಗೆ ಸುರುಳಿ ಗೀರು ಕೊರೆಯುತ್ತಾರೆ. ಗೀರು ಗುಂಡನ್ನು ಹಿಡಿಯಬೇಕಾದರೆ ಗುಂಡು ಬಿಗಿಯಾಗಿರಬೇಕು. ಬಿಗಿಯಾದ ಗುಂಡನ್ನು ಬಾಯಿಯಿಂದ ತುಂಬುವುದು ಹೇಗೆ? ಇಂಗ್ಲೆಂಡಿನ ಬೇಕರ್ ರೈಫಲ್ ಹಿಡಿದ ಸಿಪಾಯಿಗಳಿಗೆ 1800ರ ಸುಮಾರಿನಲ್ಲಿ ಮರದ ಸುತ್ತಿಗೆಗಳನ್ನೂ ಕೊಟ್ಟಿದ್ದರು. ಗುಂಡನ್ನು ನಳಿಗೆಗೆ ಬಡಿದು ಇಳಿಸಬೇಕಿತ್ತು! ಶತ್ರು ಎದುರಿಗಿದ್ದಾಗ ಬಡಗಿ ಕೆಲಸ ಮಾಡುತ್ತ ಕೂರಲು ಯಾರಿಗೂ ಪುರುಸೊತ್ತಿರುವುದಿಲ್ಲ. ಹೀಗಾಗಿ ರೈಫಲ್ ಎಂಬುದು ಆಯ್ದ ಗುರಿಕಾರರ ಆಯುಧವಾಗಿಯೇ ಉಳಿಯಿತು. ಸಾಮಾನ್ಯ ಸಿಪಾಯಿಯ ಕೈಗೆ ನಯ ನಳಿಗೆಯ ಮಸ್ಕೆಟ್ಟೇ ಗತಿ.

ತುಂಬುವಾಗ ಸಡಿಲವಾಗಿರಬೇಕು, ಹಾರುವಾಗ ಬಿಗಿಯಾಗಿರಬೇಕು. ಈ ಒಗಟನ್ನು ಬಿಡಿಸುವ ದಾರಿ ಕ್ಯಾಪ್ಟನ್ ಜಾನ್ ನಾರ್ಟನ್ ಎಂಬ ಬ್ರಿಟಿಷ್ ಅಧಿಕಾರಿಗೆ ಹೊಳೆದದ್ದು ನಮ್ಮ ಕಡೆ. ದಕ್ಷಿಣ ಭಾರತದಲ್ಲಿ ಇಲ್ಲಿನವರು ಬಳಸುತ್ತಿದ್ದ ಊದುಗೊಳವೆಯ ಬಾಣಗಳನ್ನು ಅವರು ಕೈಯಲ್ಲಿ ಹಿಡಿದು ನೋಡಿದರು. ಬಾಣದ ಬುಡಕ್ಕೆ ತಾವರೆಯ ಮೆದು ತಿರುಳನ್ನು ಕಟ್ಟಿದ್ದರು. ಕೊಳವೆಗೆ ಇಳಿಸುವಾಗ ಅದು ಸರಾಗವಾಗಿ ಇಳಿಯುತ್ತದೆ. ಊದಿದ ಕೂಡಲೇ ಉಸಿರಿನ ಒತ್ತಡಕ್ಕೆ ತಿರುಳು ಹಿಗ್ಗಿ ಕೊಳವೆಯ ಗೋಡೆಗೆ ಒತ್ತಿಕೊಳ್ಳುತ್ತದೆ, ಗಾಳಿ ಪಕ್ಕದಿಂದ ಸೋರಿಹೋಗುವುದಿಲ್ಲ. 1823ರ ಸುಮಾರಿಗೆ ನಾರ್ಟನ್ ಸೀಸದಲ್ಲಿ ಇದನ್ನೇ ಮಾಡಿದರು: ಉರುಳೆಯಂಥ ಗುಂಡು, ಬುಡದಲ್ಲಿ ಟೊಳ್ಳು. ಮದ್ದಿನ ಹೊಗೆ ಆ ಟೊಳ್ಳಿನೊಳಗೆ ನುಗ್ಗಿ ಸೀಸದ ಅಂಚನ್ನು ಹಿಗ್ಗಿಸಿ ಗೀರುಗಳಿಗೆ ಒತ್ತುತ್ತದೆ. ಆ ಬಾಣ ಕಟ್ಟಿದವರ ಹೆಸರು ಯಾವ ದಾಖಲೆಯಲ್ಲೂ ಇಲ್ಲ. ಊದುಗೊಳವೆಯ ಬಾಣಕ್ಕೆ ಕಟ್ಟಿಕೊಂಡ ಒಂದು ತುಂಡು ತಿರುಳು ಯುರೋಪಿನ ಯುದ್ಧಗಳನ್ನು ಬದಲಿಸಿತು ಎಂದರೆ ಸ್ವಲ್ಪ ಹೆಚ್ಚಾದೀತು, ಆದರೆ ಬಹಳ ಹೆಚ್ಚಾಗಲಿಕ್ಕಿಲ್ಲ.

ಬ್ರಿಟಿಷ್ ಸೇನಾ ಇಲಾಖೆ ನಾರ್ಟನ್ ಗುಂಡನ್ನು ಬೇಡವೆಂದಿತು. 1836ರಲ್ಲಿ ವಿಲಿಯಂ ಗ್ರೀನರ್ ಎಂಬ ಬಂದೂಕು ತಯಾರಕ, ಬುಡದ ಟೊಳ್ಳಿಗೆ ಬೆಣೆಯೊಂದನ್ನು ಸೇರಿಸಿ ತಂದಾಗಲೂ ಬೇಡವೆಂದಿತು. ಫ್ರಾನ್ಸಿನಲ್ಲಿ ಡೆಲ್ವಿನ್ಯ್ ಮತ್ತಿತರರ ಪ್ರಯೋಗಗಳ ಬೆನ್ನಿಗೆ 1849ರಲ್ಲಿ ಕ್ಲೋದ್-ಎತಿಯೆನ್ ಮಿನಿಯೆ, ಬುಡದಲ್ಲಿ ಪುಟ್ಟ ಕಬ್ಬಿಣದ ಬಟ್ಟಲಿದ್ದ ಮೊನೆಗುಂಡನ್ನು ಮುಂದಿಟ್ಟರು. ಸ್ಫೋಟದ ಒತ್ತಡಕ್ಕೆ ಬಟ್ಟಲು ಮುಂದಕ್ಕೆ ನುಗ್ಗಿ ಸೀಸವನ್ನು ಅಗಲಿಸುತ್ತಿತ್ತು. ಕೆಲವೊಮ್ಮೆ ಗುಂಡನ್ನೇ ತೂರಿಕೊಂಡು ಹೋಗಿ, ಸೀಸದ ಬಳೆಯೊಂದನ್ನು ನಳಿಗೆಯೊಳಗೆ ಬಿಟ್ಟುಹೋಗುತ್ತಿತ್ತು ಕೂಡ. ಈಗ ಬ್ರಿಟನ್ನಿಗೆ ಅದು ಬೇಕಾಯಿತು. ಮಿನಿಯೆಗೆ 20,000 ಪೌಂಡ್ ಕೊಟ್ಟರು. ಗ್ರೀನರ್ ಜಗಳವಾಡಿ 1857ರಲ್ಲಿ 1,000 ಪೌಂಡ್ ಪಡೆದರು. ಅಮೆರಿಕದ ಹಾರ್ಪರ್ಸ್ ಫೆರಿ ಶಸ್ತ್ರಾಗಾರದಲ್ಲಿ ಜೇಮ್ಸ್ ಬರ್ಟನ್, ಟೊಳ್ಳನ್ನು ಸರಿಯಾದ ಆಳಕ್ಕೆ ತೆಗೆದರೆ ಬಟ್ಟಲೂ ಬೇಡ ಬೆಣೆಯೂ ಬೇಡ ಎಂದು ತೋರಿಸಿದರು. ಅಂದರೆ ಸುತ್ತಿ ಬಳಸಿ ನಾರ್ಟನ್ನರ ಸರಳ ಗುಂಡಿಗೇ ವಾಪಸು. ಇಂದು ಮೊನೆಗುಂಡು ಎರಕ ಹೊಯ್ಯುವ ಹವ್ಯಾಸಿಗಳು ಬಳಸುವುದು ಬಹುಪಾಲು ಬರ್ಟನ್ ಮಾದರಿಯನ್ನೇ.

ಇಷ್ಟೆಲ್ಲ ಕೆಲಸ ಮಾಡುವುದು ಸೀಸದ ಮೆದುತನ. ಎನ್‌ಫೀಲ್ಡ್ ನಳಿಗೆಯ ಒಳವ್ಯಾಸ 14.65 ಮಿಮೀ, ಗುಂಡಿನ ವ್ಯಾಸ 14.43 ಮಿಮೀ. ಕಾಲು ಮಿಲಿಮೀಟರಿಗೂ ಕಡಿಮೆಯ ಈ ಸಂದನ್ನು ಕಣ್ಣು ಮಿಟುಕಿಸುವುದರೊಳಗೆ ತುಂಬಿಬಿಡಬೇಕು. ಅಪ್ಪಟ ಸೀಸದ ಗಡಸುತನ ಬ್ರಿನೆಲ್ ಮಾನದಲ್ಲಿ ಸುಮಾರು 5. ಉಗುರಿನಲ್ಲಿ ಕೆರೆದರೆ ಗೀರು ಬೀಳುತ್ತದೆ. ಅದಕ್ಕೆ ಆಂಟಿಮನಿ, ತವರ ಬೆರೆತರೆ ಗಡಸುತನ ಏರುತ್ತದೆ, ಹಿಗ್ಗುವ ಗುಣ ಹೋಗುತ್ತದೆ. ಹಾಗಾದರೆ ಸೀಸ ಎಲ್ಲಿಂದ? ಹಳೆಯ ಪ್ರೆಸ್ಸುಗಳ ಅಚ್ಚುಮೊಳೆ ಕರಗಿಸಿದರಾಯಿತು ಎಂದು ಸಲಹೆ ಕೊಡುವವರಿದ್ದಾರೆ. ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನ ಕಾಲದಿಂದ ಕನ್ನಡ ಅಕ್ಷರಗಳನ್ನು ಎರಕ ಹೊಯ್ದದ್ದು ಸೀಸ, ಆಂಟಿಮನಿ, ತವರ ಸೇರಿದ ಲೋಹದಲ್ಲಿ. ಆರಿದಾಗ ಕುಗ್ಗದೆ ಅಚ್ಚಿನ ಮೂಲೆಮೂಲೆಯನ್ನೂ ತುಂಬಿ ಗಟ್ಟಿಯಾಗಿ ನಿಲ್ಲಬೇಕು, ಸಾವಿರಾರು ಪ್ರತಿ ಒತ್ತಿದರೂ ಸವೆಯಬಾರದು ಎಂದೇ ಆ ಮಿಶ್ರಣ. ಅಚ್ಚುಮೊಳೆಗೆ ಒಳ್ಳೆಯದಾದ ಆ ಗುಣವೇ ಟೊಳ್ಳುಬುಡದ ಗುಂಡಿಗೆ ಕೆಟ್ಟದ್ದು. ಬೀಸುಬಲೆಯ ಅಂಚಿಗೆ ಕಟ್ಟುವ ಸೀಸದ ಮಣಿ ಸಾಮಾನ್ಯವಾಗಿ ಮೆದು. ಇನ್ನು ಹಳೆಯ ಬ್ಯಾಟರಿ ಒಡೆದು ಸೀಸ ತೆಗೆಯುವ ಮಾತನ್ನಂತೂ ಯಾರೂ ಆಡಬಾರದು. ಅದರೊಳಗೆ ಆಮ್ಲವಿದೆ, ಕರಗಿಸಿದರೆ ವಿಷಾನಿಲ ಹೊರಡಬಹುದು, ಲೋಹವೂ ಈ ಕೆಲಸಕ್ಕೆ ಒಗ್ಗುವುದಲ್ಲ.

ಎರಕದ ಕೆಲಸ ನೋಡಲು ಸರಳ. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಹೊಯ್ಯುವುದು 400ರ ಆಸುಪಾಸಿನಲ್ಲಿ. ಕರಗಿದ ಸೀಸದ ಮೇಲೆ ಮೊದಲು ಬೂದುಬಣ್ಣದ ಕೆನೆ ಕಟ್ಟುತ್ತದೆ. ಚೂರು ಮೇಣ ಹಾಕಿ ಕಲಕಿದರೆ ಅದರಲ್ಲಿ ಸ್ವಲ್ಪ ಮರಳಿ ಲೋಹವಾಗುತ್ತದೆ, ಉಳಿದ ಕಿಟ್ಟವನ್ನು ಸೌಟಿನಿಂದ ತೆಗೆಯಬೇಕು. ಈಗ ಕಾಣುವುದು ಕನ್ನಡಿಯಂಥ ಮೈ. ಎರಡು ಹೋಳಿನ ಅಚ್ಚು, ಬುಡದ ಟೊಳ್ಳಿಗೆ ಒಂದು ಮೊಳೆಯಂಥ ತುಂಡು, ಮೇಲೆ ಸರಿದಾಡುವ ಮುಚ್ಚಳ. ಅಚ್ಚು ತಣ್ಣಗಿದ್ದರೆ ಮೊದಲ ಗುಂಡುಗಳ ಮೈ ಸುಕ್ಕುಸುಕ್ಕು. ಅವನ್ನು ಮತ್ತೆ ಪಾತ್ರೆಗೇ ಹಾಕುತ್ತಾರೆ. ಕಾವು ಹದಕ್ಕೆ ಬಂದಾಗ ಗುಂಡು ನಯವಾಗಿ, ಅಂಚು ಚೂಪಾಗಿ ಬೀಳುತ್ತದೆ. ಕಾವು ಮೀರಿದರೆ ಮೈ ಮಂಜು ಕವಿದ ಹಾಗೆ ಮಂಕು. ಎಲ್ಲಕ್ಕಿಂತ ಮುಖ್ಯ ಬುಡದ ಅಂಚು. ಮೂತಿಯಲ್ಲಿ ಸಣ್ಣ ಊನವಿದ್ದರೂ ಗುಂಡು ಹೇಗೋ ಹೋದೀತು. ಬುಡದ ಅಂಚು ಒಂದು ಕಡೆ ತೆಳುವಾಗಿದ್ದರೆ ಹೊಗೆ ಆ ಕಡೆಯಿಂದ ಮೊದಲು ನುಗ್ಗಿ, ನಳಿಗೆಯ ಬಾಯಿ ದಾಟುವಾಗಲೇ ಗುಂಡನ್ನು ಓರೆ ಮಾಡುತ್ತದೆ. ಒಳಗೆ ಗಾಳಿಗುಳ್ಳೆ ಉಳಿದಿದ್ದರೆ ಕಣ್ಣಿಗೆ ಕಾಣುವುದಿಲ್ಲ, ತಕ್ಕಡಿಗೆ ಗೊತ್ತಾಗುತ್ತದೆ. ಅದಕ್ಕೇ ಬಲ್ಲವರು ಒಂದೊಂದನ್ನೂ ತೂಗಿ, ಹಗುರಾದವನ್ನು ಬೇರ್ಪಡಿಸುತ್ತಾರೆ. ಒಂದೇ ಒಂದು ಹನಿ ನೀರು, ಹಣೆಯ ಬೆವರೇ ಆದರೂ, ಕರಗಿದ ಸೀಸಕ್ಕೆ ಇಳಿದರೆ ಅದು ಆವಿಯಾಗಿ ಸೀಸವನ್ನೆಲ್ಲ ಮೇಲಕ್ಕೆ ಸಿಡಿಸುತ್ತದೆ. ಮಳೆಗಾಲದ ಕೊಡಗಿನ ಜಗುಲಿಯಲ್ಲಾಗಲಿ, ಬೆವರು ನಿಲ್ಲದ ದೋಹಾದ ಆಗಸ್ಟಿನಲ್ಲಾಗಲಿ ಇದು ನೆನಪಿರಬೇಕಾದ ಮಾತು.

ಇನ್ನು ಮದ್ದಿನ ವಿಚಾರ. ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗುವುದೇ ಇಲ್ಲ, ಘನವಾಗಿಯೇ ಉಳಿಯುತ್ತದೆ. ದಟ್ಟ ಬಿಳಿ ಹೊಗೆಯಾಗಿ ಕಾಣುವುದು ಅದರ ಒಂದು ಪಾಲು, ಇನ್ನೊಂದು ಪಾಲು ನಳಿಗೆಯ ಗೋಡೆಗೆ ಹೊರೆಗಟ್ಟುತ್ತದೆ. ನಾಲ್ಕು ಈಡು ಹಾರಿಸುವಷ್ಟರಲ್ಲಿ ಆ ಕಾಲು ಮಿಲಿಮೀಟರ್ ಸಂದು ಮುಚ್ಚಿಹೋಗುತ್ತದೆ, ಐದನೆಯ ಗುಂಡು ಜಡಿಯುವ ಸರಳಿಗೆ ಜಗ್ಗುವುದಿಲ್ಲ. ಆದ್ದರಿಂದ ಗುಂಡಿಗೆ ಜಿಡ್ಡು ಹಚ್ಚಬೇಕು. ಅದು ಮಸಿಯನ್ನು ಮೆತ್ತಗಿಡುತ್ತದೆ. ಎನ್‌ಫೀಲ್ಡ್ ಗುಂಡನ್ನು ಕಾಗದದ ತೋಟಾದಲ್ಲಿ ಸುತ್ತಿ, ಗುಂಡಿದ್ದ ತುದಿಯನ್ನು ಪ್ರಾಣಿ ಕೊಬ್ಬು ಮತ್ತು ಜೇನುಮೇಣದ ಮಿಶ್ರಣದಲ್ಲಿ ಅದ್ದುತ್ತಿದ್ದರು. ಮುಂದಿನದು ಎಲ್ಲರಿಗೂ ಗೊತ್ತು. ಹಲ್ಲಿನಿಂದ ಕಚ್ಚಿ ಹರಿಯಬೇಕಾದ ತೋಟಾಕ್ಕೆ ಹಸುವಿನ, ಹಂದಿಯ ಕೊಬ್ಬು ಹಚ್ಚಿದೆಯೆಂಬ ಸುದ್ದಿ 1857ರ ಆರಂಭದಲ್ಲಿ ಕಲ್ಕತ್ತದ ಬಳಿಯ ದಮ್‌ದಮ್‌ನಿಂದ ಹೊರಟು ಉತ್ತರವನ್ನೆಲ್ಲ ಹಬ್ಬಿತು. ಪಠ್ಯಪುಸ್ತಕಗಳು ಧರ್ಮದ ಪ್ರಶ್ನೆಯನ್ನಷ್ಟೇ ಹೇಳಿ ಮುಗಿಸುತ್ತವೆ. ಜಿಡ್ಡು ಬೇಕಾಗಿದ್ದೇಕೆ ಎಂಬ ಪ್ರಶ್ನೆಗೆ ಉತ್ತರ ನಳಿಗೆಯ ಮಸಿಯಲ್ಲಿದೆ.

ಧರ್ಮವನ್ನು ಬದಿಗಿಟ್ಟರೂ ಆ ಜಿಡ್ಡು ಈ ದೇಶದ ಬಿಸಿಲಿಗೆ ತಕ್ಕದ್ದಾಗಿರಲಿಲ್ಲ. ದನದ ಕೊಬ್ಬು 40ರಿಂದ 50 ಡಿಗ್ರಿಯೊಳಗೆ ಕರಗುತ್ತದೆ. ಪೆಟ್ಟಿಗೆಯಲ್ಲಿಟ್ಟ ತೋಟಾದ ಕೊಬ್ಬು ಕಾಗದಕ್ಕೆ ಇಳಿದುಹೋಗಿ ಗುಂಡು ಒಣಗಿ ನಿಲ್ಲುತ್ತಿತ್ತು. ಜೇನುಮೇಣ ಕರಗಲು 62 ಡಿಗ್ರಿಯಾದರೂ ಬೇಕು. ಬ್ರಿಟಿಷರು ಕೊನೆಗೆ ಮೇಣವೇ ಹೆಚ್ಚು, ಕೊಬ್ಬು ಕಡಿಮೆ ಎಂಬ ಲೆಕ್ಕಕ್ಕೆ ಬಂದರು, ಗುಂಡಿನ ವ್ಯಾಸವನ್ನೂ ಒಂದಿಷ್ಟು ತಗ್ಗಿಸಿದರು. ಬೇಸಿಗೆಯಲ್ಲಿ 45 ಡಿಗ್ರಿ ದಾಟುವ ಕತಾರಿನಂಥ ಜಾಗದಲ್ಲಿ ಕೊಬ್ಬಿನ ಜಿಡ್ಡು ನೆರಳಲ್ಲೇ ನೀರಾದೀತು. ಒಣ ಹವೆಯಲ್ಲಿ ಮಸಿಯೂ ಗಟ್ಟಿ ಹೊಪ್ಪಳೆಯಾಗಿ ಕೂರುತ್ತದೆ. ಕೊಡಗಿನ ತೇವದಲ್ಲಿ ಅದು ಮೆತ್ತಗಿರುತ್ತದೆ, ಆದರೆ ಅದರಲ್ಲಿರುವ ಪೊಟ್ಯಾಸಿಯಂ ಲವಣಗಳು ನೀರು ಹೀರಿ ರಾತ್ರಿ ಕಳೆಯುವುದರೊಳಗೆ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತವೆ. ಕೋವಿ ಹಾರಿಸಿದ ದಿನವೇ ಬಿಸಿನೀರಿನಲ್ಲಿ ನಳಿಗೆ ತೊಳೆಯಬೇಕೆಂದು ಹಿರಿಯರು ಪಟ್ಟುಹಿಡಿಯುತ್ತಿದ್ದುದಕ್ಕೆ ಕಾರಣ ಇದೇ. ಆ ಲವಣಗಳು ಎಣ್ಣೆಗೆ ಬಗ್ಗುವುದಿಲ್ಲ, ನೀರಿಗೆ ಬಗ್ಗುತ್ತವೆ.

ಆ ಸುದ್ದಿಯ ಬೆನ್ನಿಗೆ ಎದ್ದ ಸಿಪಾಯಿ ದಂಗೆ ಕರ್ನಾಟಕವನ್ನು ಮುಟ್ಟಿದ್ದು ಬೇರೆ ರೀತಿಯಲ್ಲಿ. ಜನರ ಕೈಯಿಂದ ಆಯುಧ ಕಸಿಯುವ ಕಾನೂನು 1857ರಲ್ಲೇ ಬಂತು. ಮುಧೋಳ ಸೀಮೆಯ ಹಲಗಲಿಯ ಬೇಡರು ಹತಾರ ಕೊಡಲು ಒಪ್ಪಲಿಲ್ಲ. ಆ ವರ್ಷದ ನವೆಂಬರ್ ಕೊನೆಯಲ್ಲಿ ಊರಿಗೆ ಬೆಂಕಿ ಬಿತ್ತು, ಡಿಸೆಂಬರಿನಲ್ಲಿ 19 ಮಂದಿಯನ್ನು ಗಲ್ಲಿಗೇರಿಸಿದರು. ಅದೇ ಸರ್ಕಾರ ಕೊಡಗಿನವರ ನಿಷ್ಠೆಯನ್ನು ಮೆಚ್ಚಿ, 1861ರ ಫೆಬ್ರುವರಿ 26ರಂದು ಕಮಿಷನರ್ ಮಾರ್ಕ್ ಕಬ್ಬನ್ ಅವರ ಪ್ರಕಟಣೆಯ ಮೂಲಕ ಅವರಿಗೆ ಆ ಕಾನೂನಿನಿಂದ ವಿನಾಯಿತಿ ಕೊಟ್ಟಿತು. ಒಂದೇ ನಾಡಿನ ಎರಡು ಮೂಲೆ, ಒಂದೇ ಕಾನೂನು, ಎರಡು ಪಾಡು. ಗೆಳೆಯರ ಮನೆಯಲ್ಲಿ ಅಜ್ಜನ ಕೋವಿ ಉಳಿದದ್ದು ಹೀಗೆ.

ಕೊಲ್ಲಿಯಲ್ಲಾದರೋ ಬಾಯಿಯಿಂದ ತುಂಬುವ ಮೊನೆಗುಂಡಿನ ಯುಗ ಬಹುಮಟ್ಟಿಗೆ ಬರಲೇ ಇಲ್ಲ. ಅದರ ಆಯುಸ್ಸೇ ಚಿಕ್ಕದು. 1849ರಲ್ಲಿ ಬಂದದ್ದು, 1866ರಲ್ಲಿ ಎನ್‌ಫೀಲ್ಡ್‌ಗಳ ಹಿಂಬದಿ ಕೊಯ್ದು, ಹಿಂದಿನಿಂದ ತುಂಬುವ ಸ್ನೈಡರ್‌ಗಳಾಗಿ ಮಾರ್ಪಡಿಸುವ ಹೊತ್ತಿಗೆ ಹಳತಾಗಿತ್ತು. ಅರೇಬಿಯಾದ ಬೆದೂಯಿನರು 1870ರ ದಶಕದಲ್ಲೂ ಬತ್ತಿ ಹಚ್ಚುವ ಉದ್ದ ಕೋವಿಯಲ್ಲಿ ದುಂಡುಗುಂಡು ಹಾರಿಸುತ್ತಿದ್ದರು. ಅವರು ನೇರವಾಗಿ ಹಿಂಬದಿಯಿಂದ ತೋಟಾ ತುಂಬುವ ಮಾರ್ಟಿನಿಯಂಥ ರೈಫಲ್‌ಗಳಿಗೆ ಜಿಗಿದರು. ಯುರೋಪಿನ ಸೈನ್ಯಗಳು ಬಿಸಾಡಿದ ಹಳೆಯ ರೈಫಲ್‌ಗಳು 1890ರ ದಶಕದಿಂದ ಮಸ್ಕತ್ತಿಗೆ ರಾಶಿ ರಾಶಿ ಬಂದಿಳಿದು ಕೊಲ್ಲಿಯ ಎರಡೂ ದಡಕ್ಕೆ, ಅಲ್ಲಿಂದ ಅಫ್ಘಾನ್ ಗಡಿಗೂ ಹೋದವು. ಬ್ರಿಟಿಷರಿಗೆ ಇದು ತಲೆನೋವಾಗಿ, 1912ರಲ್ಲಿ ಮಸ್ಕತ್ತಿನ ಬಂದೂಕುಗಳನ್ನೆಲ್ಲ ಒಂದೇ ಉಗ್ರಾಣದ ಹಿಡಿತಕ್ಕೆ ತಂದರು. 1916ರ ನವೆಂಬರ್ 3ರಂದು ಶೇಖ್ ಅಬ್ದುಲ್ಲಾ ಬಿನ್ ಜಾಸಿಮ್ ಜೊತೆ ಮಾಡಿಕೊಂಡ ಕತಾರಿನ ಒಪ್ಪಂದದಲ್ಲೂ ಶಸ್ತ್ರ ವ್ಯಾಪಾರ ತಡೆಯುವ ಷರತ್ತಿದೆ.

ಮತ್ತೆ ನಳಿಗೆಯ ಮಾತಿಗೆ ಬಂದರೆ, ಸುರುಳಿ ಗೀರಿದ್ದ ಮಾತ್ರಕ್ಕೆ ಎಲ್ಲ ನಳಿಗೆಯೂ ಒಂದೇ ಅಲ್ಲ. ಎನ್‌ಫೀಲ್ಡ್‌ನ ಗೀರು 78 ಅಂಗುಲಕ್ಕೆ ಒಂದು ಸುತ್ತು. ಅಷ್ಟು ಸಾವಕಾಶದ ಸುರುಳಿಯಿಂದ ಹೊರಬಿದ್ದ ಗುಂಡೂ ಸೆಕೆಂಡಿಗೆ ಸುಮಾರು 140 ಸಲ ತಿರುಗುತ್ತಿರುತ್ತದೆ. ಗಿಡ್ಡನೆಯ, ಬುಡ ಟೊಳ್ಳಾಗಿ ಭಾರ ಮುಂದಿರುವ ಗುಂಡಿಗೆ ಅದು ಸಾಕು. ಗುಂಡು ಉದ್ದವಾದಷ್ಟೂ ಪಲ್ಟಿಯ ಆಸೆ ಹೆಚ್ಚು, ಬಿಗಿ ಸುರುಳಿ ಬೇಕು. ಮ್ಯಾಂಚೆಸ್ಟರಿನ ಎಂಜಿನಿಯರ್ ಜೋಸೆಫ್ ವಿಟ್ವರ್ತ್ ಆರು ಮೂಲೆಯ ನಳಿಗೆಗೆ 20 ಅಂಗುಲಕ್ಕೇ ಒಂದು ಸುತ್ತು ಕೊಟ್ಟು, ತೆಳ್ಳಗೆ ಉದ್ದನೆಯ ಗುಂಡು ಹಾಕಿದರು. 1860ರಲ್ಲಿ ವಿಂಬಲ್ಡನ್ನಿನ ಮೊದಲ ರೈಫಲ್ ಸ್ಪರ್ಧೆಯನ್ನು ವಿಕ್ಟೋರಿಯಾ ರಾಣಿ ಉದ್ಘಾಟಿಸಿದ್ದು ಆ ರೈಫಲ್ಲಿನಿಂದ. ಯಂತ್ರಕ್ಕೆ ಬಿಗಿದಿಟ್ಟಿದ್ದ ಅದರ ಕುದುರೆಗೆ ಕಟ್ಟಿದ ದಾರವನ್ನು ರಾಣಿ ಎಳೆದರು. 400 ಗಜ ದೂರದ ಗುರಿಯ ನಡುಮಧ್ಯದಿಂದ ಒಂದೂವರೆ ಅಂಗುಲದೊಳಗೆ ಗುಂಡು ಬಿತ್ತು. ಇದಕ್ಕೆ ತಕ್ಕ ಸೂತ್ರವನ್ನು ಬ್ರಿಟಿಷ್ ಗಣಿತಜ್ಞ ಗ್ರೀನ್‌ಹಿಲ್ 1879ರಲ್ಲಿ ಕೊಟ್ಟರು: ಗುಂಡಿನ ಉದ್ದವನ್ನೂ ವ್ಯಾಸವನ್ನೂ ಹೇಳಿದರೆ ಸುರುಳಿ ಎಷ್ಟಿರಬೇಕೆಂದು ಅದು ಹೇಳುತ್ತದೆ. ವಿಟ್ವರ್ತ್ ಗುಂಡಿನ ಅಳತೆ ಹಾಕಿದರೆ ಅವರು ಕೈಪರೀಕ್ಷೆಯಿಂದ ಕಂಡುಕೊಂಡ 20 ಅಂಗುಲದ ಹತ್ತಿರಕ್ಕೇ ಉತ್ತರ ಬರುತ್ತದೆ.

ಇನ್ನು ಕೊಡಗಿಗೆ ಬರೋಣ. ಸೆಪ್ಟೆಂಬರ್ ಮೊದಲ ವಾರದ ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದ್‌ನಲ್ಲಿ ಕೋವಿಗಳನ್ನು ದೇವರ ಕೋಣೆಯಾದ ಕನ್ನಿ ಕೋಂಬರೆಯಲ್ಲಿಟ್ಟು, ನಳಿಗೆಗೆ ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜಿಸುತ್ತಾರೆ. ಕೆಂಪು ಹಳದಿ ಜ್ವಾಲೆಯಂಥ ಆ ಹೂವನ್ನು ಬಯಲುಸೀಮೆಯವರು ಗೌರಿಹೂ ಎನ್ನುತ್ತಾರೆ. ಆಮೇಲೆ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪೈಪೋಟಿ. ಗಂಡುಮಗು ಹುಟ್ಟಿದಾಗ ಒಂದು ಈಡು, ಸಾವಾದಾಗ ಎರಡು, ಸುಗ್ಗಿಯ ಹಬ್ಬ ಪುತ್ತರಿಯಲ್ಲಿ ಕದಿರು ತೆಗೆಯುವಾಗ ಮತ್ತೊಂದು. ಪೈಪೋಟಿಯಲ್ಲಿ ಈಗ ಕಾಣುವುದು ಹನ್ನೆರಡು ಬೋರಿನ ತೋಟಾ ಕೋವಿ ಮತ್ತು ಪಾಯಿಂಟ್ ಟೂಟೂ ರೈಫಲ್. ಮನೆಗಳಲ್ಲಿ ಉಳಿದಿರುವ ಮದ್ದು ಜಡಿಯುವ ಕೇಪಿನ ಕೋವಿಗಳು ಬಹುಪಾಲು ನಯ ನಳಿಗೆಯವು. ಚರೆಯನ್ನೂ ಹಾಕಬಹುದು, ದುಂಡುಗುಂಡನ್ನೂ ಹಾಕಬಹುದು ಎಂಬ ಅನುಕೂಲಕ್ಕೆ ಮಾಡಿದಂಥವು. ಮಲೆನಾಡಿನ ಅಡಿಕೆ ತೋಟಗಳಲ್ಲಿ ಮಂಗ, ಹಂದಿ ಬೆದರಿಸಲು ಇಟ್ಟುಕೊಂಡು, ಪ್ರತಿ ಚುನಾವಣೆಗೂ ಠಾಣೆಯಲ್ಲಿ ಠೇವಣಿ ಇಡಬೇಕೆಂದು ರೈತರು ಗೊಣಗುವ ಕೋವಿಗಳಲ್ಲೂ ಇಂಥವು ಬೇಕಾದಷ್ಟಿವೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಬೆಳೆ ರಕ್ಷಣೆಗೆ ಮದ್ದು ಜಡಿಯುವ ಕೋವಿಯನ್ನು ಹೆಸರಿಸಿಯೇ ಅವಕಾಶ ಕೊಟ್ಟಿದೆ.

ನಯ ನಳಿಗೆಗೆ ಮೊನೆಗುಂಡು ಹಾಕಿದರೆ ಏನಾಗುತ್ತದೆ? ತಿರುಗಿಸುವವರಿಲ್ಲದ ಗುಂಡು ಹತ್ತಾರು ಮೀಟರಿನಲ್ಲೇ ಅಡ್ಡಬೀಳುತ್ತದೆ, ಗುರಿ ದುಂಡುಗುಂಡಿಗಿಂತಲೂ ಕೆಡುತ್ತದೆ. ಅದಕ್ಕಿಂತ ಕೆಟ್ಟದ್ದು ಒತ್ತಡ. ದುಪ್ಪಟ್ಟು ತೂಕದ ಗುಂಡನ್ನು ತಳ್ಳಲು ಹೋದ ಮದ್ದು ಅಷ್ಟೇ ಬಲದಿಂದ ನಳಿಗೆಯ ಗೋಡೆಯನ್ನೂ ಹೊರಕ್ಕೆ ತಳ್ಳುತ್ತದೆ. ಒಳಗೆ ನೂರು ವರ್ಷದ ತುಕ್ಕು ತಿಂದ ನಳಿಗೆ ಅದನ್ನು ತಡೆಯುತ್ತದೆಂದು ಯಾರು ಹೇಳಬಲ್ಲರು? ಟಾರ್ಚ್ ಬಿಟ್ಟಾಗ ಗೀರು ಕಾಣದಿದ್ದರೆ ಮೊನೆಗುಂಡಿನ ಹುಡುಕಾಟವನ್ನು ಅಲ್ಲಿಗೇ ಬಿಟ್ಟುಬಿಡುವುದು ಕ್ಷೇಮ. ದುಂಡುಗುಂಡಿಗೆ ಬಟ್ಟೆಯ ತುಂಡು ಸುತ್ತಿ ತುಂಬಿದರೆ ತೆಂಗಿನಕಾಯಿಯ ದೂರಕ್ಕೆ ಅದೇ ಧಾರಾಳ. ಗೀರು ಕಂಡರೂ, ಅದೆಷ್ಟು ಬಿಗಿ ಸುರುಳಿ, ನಳಿಗೆಯ ನಿಜವಾದ ಒಳವ್ಯಾಸವೆಷ್ಟು ಎಂದು ಅಳೆಯದೆ ಅಚ್ಚು ತರಿಸಬಾರದು. ಹಳೆಯ ನಳಿಗೆಗಳಲ್ಲಿ ಎರಡು ಒಂದೇ ಅಳತೆಯವು ಸಿಗುವುದು ಅಪರೂಪ.

ಕಾನೂನಿನ ಮಾತನ್ನೂ ಹೇಳಿಬಿಡಬೇಕು. ಕೊಡವರಿಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿದೆ, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಆ ವಿನಾಯಿತಿ ಕೋವಿಯನ್ನು ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ. ಮದ್ದುಗುಂಡು ತಯಾರಿಕೆಗೆ ಕಾಯ್ದೆಯಲ್ಲಿ ಬೇರೆಯದೇ ಪರವಾನಗಿ ಇದೆ. ಮದ್ದುಗುಂಡಿನ ಭಾಗಗಳೂ, ಅವನ್ನು ತಯಾರಿಸುವ ಯಂತ್ರಗಳೂ ಕಾಯ್ದೆಯ ವ್ಯಾಖ್ಯೆಯೊಳಗೇ ಬರುತ್ತವೆ. ಹಾಗಾಗಿ ಸೌಟು ಹಿಡಿಯುವ ಮುನ್ನ ಜಿಲ್ಲಾಡಳಿತದಲ್ಲಿ ಕೇಳಿ ತಿಳಿಯುವುದು ಒಳ್ಳೆಯದು. ಇನ್ನು ಒಂದು ಗುಂಡನ್ನು ನೆನಪಿಗೆಂದು ಚೀಲದಲ್ಲಿ ಹಾಕಿಕೊಂಡು ವಿಮಾನ ಹತ್ತುವ ಯೋಚನೆ ಬೇಡವೇ ಬೇಡ. ಭಾರತದ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದರೆ ಠಾಣೆ, ದೋಹಾದಲ್ಲಿ ಇಳಿದ ಮೇಲೆ ಸಿಕ್ಕಿಬಿದ್ದರೆ ಕೆಲಸವೂ ಹೋದೀತು.

ಸೀಸ ವಿಷ ಎಂಬುದಂತೂ ಈಗ ಎಲ್ಲರಿಗೂ ತಿಳಿದದ್ದೇ. ಇಷ್ಟರವರೆಗೆ ಅಪಾಯವಿಲ್ಲ ಎನ್ನುವ ಮಿತಿಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 400 ಡಿಗ್ರಿಯಲ್ಲಿ ಸೀಸ ಆವಿಯಾಗುವುದು ಬಹಳ ಕಡಿಮೆ. ಅಪಾಯ ಹೆಚ್ಚಾಗಿ ಇರುವುದು ತೆಗೆದು ಚೆಲ್ಲಿದ ಕಿಟ್ಟದ ಪುಡಿಯಲ್ಲಿ, ತೊಳೆಯದ ಕೈಯಲ್ಲಿ, ಅಡುಗೆಮನೆಯಿಂದ ತಂದು ಮತ್ತೆ ಅಲ್ಲಿಗೇ ಮರಳಿಸಿದ ಪಾತ್ರೆಯಲ್ಲಿ. ಮನೆಯಲ್ಲಿ ಮಕ್ಕಳಿದ್ದರೆ ಈ ಕೆಲಸ ಅಲ್ಲಿ ನಡೆಯಲೇಬಾರದು.

ಕೊನೆಯದಾಗಿ ಒಂದು ವಿನಂತಿ. ಕೊಡವ ಕುಟುಂಬಗಳ ಹಳೆಯ ಐನ್‌ಮನೆಗಳ ಅಟ್ಟದಲ್ಲಿ ಇಕ್ಕಳದಂಥ ಗುಂಡಿನ ಅಚ್ಚು, ಮದ್ದಿನ ಕೊಂಬು, ಅಳತೆಯ ಚಿಪ್ಪು ಇಂದಿಗೂ ಸಿಗುತ್ತವೆ. ಗುಜರಿಯವನು ಅವನ್ನು ಕೊಳ್ಳುವುದು ಕಿಲೋ ಲೆಕ್ಕದಲ್ಲಿ. ಅವನಿಗೆ ಕೊಡುವ ಬದಲು ಅಚ್ಚಿನ ಗುಂಡಿಯ ವ್ಯಾಸ ಅಳೆದು, ಫೋಟೋ ತೆಗೆದು, ಯಾರ ಮನೆಯದು, ಯಾವ ಕೋವಿಯದು ಎಂದು ಚೀಟಿ ಬರೆದು ಮಡಿಕೇರಿ ಕೋಟೆಯೊಳಗಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿ.